ಘಟ್ಟ ಇಳಿದ ಮೇಲೂ ಆಫೀಸಿನ ಕಂಪ್ಯೂಟರ್ ಕೈಗೆ ಸಿಗಬೇಕೇ? ದೂರಸಂಪರ್ಕದ ದಾರಿಗಳ ವಿಮರ್ಶೆ

ಶಿರಸಿಯ ಅಡಿಕೆ ಮಂಡಿಯ ಗುಮಾಸ್ತರು ಹುಬ್ಬಳ್ಳಿಯ ಲಾಡ್ಜಿನಲ್ಲಿ ಕೂತು ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ತೆರೆಯಬೇಕು. ಕಾರವಾರದ ಮೀನು ವ್ಯಾಪಾರಿಯ ಸೇಲ್ಸ್‌ನವರು ಮಂಗಳೂರಿನ ರೈಲಿನಲ್ಲಿ ಸ್ಟಾಕ್ ಶೀಟು ನೋಡಬೇಕು. ಯಲ್ಲಾಪುರದ ಸೈಟಿನಲ್ಲಿರುವ ಎಂಜಿನಿಯರು ಅಂಕೋಲೆಯ ಆಫೀಸಿನ ಫೋಲ್ಡರಿಗೆ ಅಳತೆ ಪುಸ್ತಕದ ಫೋಟೊ ಹಾಕಬೇಕು. ಕೆಲಸ ಬೇರೆಬೇರೆಯಾದರೂ ಬೇಕಿರುವುದು ಒಂದೇ: ಊರೂರು ತಿರುಗುವ ನೌಕರನಿಗೆ ಆಫೀಸಿನ ಒಳಗಿನ ನೆಟ್‌ವರ್ಕು ಸಿಗಬೇಕು, ಬೇರೆಯವರಿಗೆ ಸಿಗಬಾರದು.

ಇದಕ್ಕೆ ಹತ್ತಾರು ದಾರಿಗಳಿವೆ. ಅವುಗಳನ್ನು ಸಾಮಾನ್ಯವಾಗಿ ಸ್ಪೀಡಿನ ಮೇಲೆ ಹೋಲಿಸುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಆಫೀಸಿಗೆ ಸ್ಪೀಡು ಎರಡನೆಯ ಮಾತು. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ನಾಲ್ಕಕ್ಕೆ ಬಂತು, ಆಫೀಸಿಗೆ ಬೀಗ ಹಾಕಿದೆ, ಬೆಳಿಗ್ಗೆ ಏಳಕ್ಕೆ ಹೊರಗಿನಿಂದ ಯಾರೋ ಲಾಗಿನ್ ಆಗಬೇಕು. ಯಾರೂ ಮುಟ್ಟದೆ ಸಂಪರ್ಕ ತಾನಾಗಿ ಎದ್ದು ನಿಂತಿರುತ್ತದೆಯೇ? "ಯಾರಾದರೂ ಹೋಗಿ ರೂಟರ್ ಆಫ್ ಮಾಡಿ ಆನ್ ಮಾಡಲಿ" ಎನ್ನುವುದು ಇಲ್ಲಿ ಉತ್ತರವೇ ಅಲ್ಲ. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನೂ ನೆಚ್ಚುವ ಹಾಗಿಲ್ಲ. ಹಾಗಾಗಿ ಕೆಳಗಿನ ಪ್ರತಿ ದಾರಿಯನ್ನೂ ಮೊದಲು ಈ ಪ್ರಶ್ನೆಗೆ ಒಡ್ಡಿದ್ದೇವೆ, ಉಳಿದದ್ದನ್ನು ಆಮೇಲೆ ನೋಡಿದ್ದೇವೆ.

ಮೊದಲು ನಿಮ್ಮ ಆಫೀಸಿನ ಐಪಿ ಎಂಥದ್ದು ನೋಡಿ

ಯಾವುದನ್ನೇ ಕೊಳ್ಳುವ ಮೊದಲು ಐದು ನಿಮಿಷದ ಈ ಪರೀಕ್ಷೆ ಮಾಡಿ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ಟಿನ ಕಡೆಗೆ ರೂಟರಿನ ವಿಳಾಸ) ಎಂಬಲ್ಲಿ ಇರುವ ಸಂಖ್ಯೆ ಬರೆದುಕೊಳ್ಳಿ. ಅದೇ ಆಫೀಸಿನ ಕಂಪ್ಯೂಟರಿನಲ್ಲಿ ಗೂಗಲ್‌ನಲ್ಲಿ "ನನ್ನ ಐಪಿ ಯಾವುದು" ಎಂದು ಹುಡುಕಿ, ಹೊರಗಿನವರಿಗೆ ಕಾಣುವ ಸಂಖ್ಯೆ ನೋಡಿ. ಎರಡೂ ಒಂದೇ ಆಗಿದ್ದರೆ ನಿಮಗೆ ಪಬ್ಲಿಕ್ ಐಪಿ ಇದೆ. ವ್ಯಾನ್ ಪುಟದಲ್ಲಿ 100.64ರಿಂದ 100.127ರ ಒಳಗಿನ ಸಂಖ್ಯೆಯೋ, 10ರಿಂದ ಶುರುವಾಗುವ ಸಂಖ್ಯೆಯೋ ಇದ್ದರೆ ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ. ಅಂದರೆ ಇಂಟರ್ನೆಟ್ ಕಂಪನಿಯವರು ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಗ್ರಾಹಕರಿಗೆ ಹಂಚಿದ್ದಾರೆ. ಆಗ ಹೊರಗಿನಿಂದ ನಿಮ್ಮ ರೂಟರಿನ ಬಾಗಿಲು ತಟ್ಟಲು ದಾರಿಯೇ ಇಲ್ಲ. ಹೊರಗಿನ ಕರೆಯನ್ನು ಒಳಗಿನ ಯಂತ್ರಕ್ಕೆ ತಿರುಗಿಸುವ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಾಗಿ ಮಾಡಿದರೂ ಕೆಲಸ ಮಾಡದು. ಮೊಬೈಲ್ ಸಿಮ್ ಹಾಕಿದ ರೂಟರುಗಳೆಲ್ಲ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿರುತ್ತವೆ. ಹಲವು ಫೈಬರ್ ಸಂಪರ್ಕಗಳದ್ದೂ ಅದೇ ಕತೆ.

ದಾರಿಗಳು ಇಲ್ಲಿ ಕವಲೊಡೆಯುತ್ತವೆ. ಒಂದು ಬಗೆಯಲ್ಲಿ ನೌಕರನ ಲ್ಯಾಪ್‌ಟಾಪ್ ಆಫೀಸಿಗೆ ಕರೆ ಮಾಡುತ್ತದೆ. ಇನ್ನೊಂದರಲ್ಲಿ ಆಫೀಸೇ ಹೊರಗಿನ ಒಂದು ನಡುತಾಣಕ್ಕೆ ಕರೆ ಮಾಡಿ ಕಾಯುತ್ತಿರುತ್ತದೆ, ಲ್ಯಾಪ್‌ಟಾಪೂ ಅಲ್ಲಿಗೇ ಬರುತ್ತದೆ. ಸಿಜಿ-ನ್ಯಾಟ್ ಇದ್ದವರಿಗೆ ಎರಡನೆಯದು ಅನಿವಾರ್ಯ. ಇಲ್ಲದವರಿಗೂ ಎರಡನೆಯದೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬೇಡವೇ ಬೇಡ ಎನ್ನಬಹುದಾದವು

ರಿಮೋಟ್ ಡೆಸ್ಕ್‌ಟಾಪಿನ (ವಿಂಡೋಸ್ ಯಂತ್ರದ ಪರದೆಯನ್ನು ದೂರದಿಂದ ಬಳಸುವ ಸೌಲಭ್ಯ) 3389 ಪೋರ್ಟನ್ನು, ಅಂದರೆ ಅದರ ಬಾಗಿಲನ್ನು, ರೂಟರಿನಲ್ಲಿ ನೇರವಾಗಿ ತೆರೆದಿಡುವುದು. ಇದನ್ನು ಇನ್ನೂ ಮಾಡಿಕೊಡುವವರಿದ್ದಾರೆ, ಅದಕ್ಕೇ ಬರೆಯಬೇಕಾಗಿದೆ. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ಎಂಬ ದೋಷದಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಹಳೆಯ ವಿಂಡೋಸ್ ಯಂತ್ರದೊಳಗೆ ನುಗ್ಗಬಹುದಿತ್ತು. ಅಂಥ ದೋಷ ಇಲ್ಲದಿದ್ದರೂ ತೆರೆದ 3389ರ ಮೇಲೆ ಹಗಲುರಾತ್ರಿ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಮುಗಿಬೀಳುತ್ತವೆ. ಪೋರ್ಟ್ ಸಂಖ್ಯೆಯನ್ನು 33890 ಎಂದು ಬದಲಿಸಿದರೆ ಸಾಕು ಎನ್ನುವವರ ಮಾತು ಕೇಳಬೇಡಿ, ಸ್ಕ್ಯಾನ್ ಮಾಡುವವರು ಎಲ್ಲ ಪೋರ್ಟುಗಳನ್ನೂ ತಡಕುತ್ತಾರೆ. ಒಳಗೆ ಬಂದವರು ಟ್ಯಾಲಿಯ ಡೇಟಾ ಫೋಲ್ಡರನ್ನು ಗೂಢಲಿಪಿ ಮಾಡಿ ಹಣ ಕೇಳುತ್ತಾರೆ. ಬ್ಯಾಕಪ್ ಪೆನ್‌ಡ್ರೈವು ಅದೇ ಕಂಪ್ಯೂಟರಿಗೆ ಚುಚ್ಚಿದ್ದರೆ ಅದೂ ಹೋಯಿತು. ಆಫೀಸಿನಲ್ಲಿ ವಿಂಡೋಸ್ 10 ಇದ್ದರೆ ಇನ್ನೊಂದು ಮಾತು: ಅದರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಪಿಪಿಟಿಪಿ ಎಂಬ ಹಳೆಯ ವಿಪಿಎನ್ (ಇಂಟರ್ನೆಟ್ಟಿನ ಮೇಲೆ ಆಫೀಸಿಗೆ ಹಾಕುವ ಖಾಸಗಿ ಸುರಂಗ) ಅಗ್ಗದ ರೂಟರುಗಳ ಮೆನುವಿನಲ್ಲಿ ಈಗಲೂ ಕಾಣುತ್ತದೆ. ಅದರ ಪಾಸ್‌ವರ್ಡ್ ವಿಧಾನವನ್ನು 2012ರಲ್ಲೇ ಪೂರ್ತಿ ಮುರಿದು ತೋರಿಸಿದ್ದಾರೆ, 2016ರಲ್ಲಿ ಆಪಲ್ ತನ್ನ ಫೋನುಗಳಿಂದ ಅದನ್ನು ತೆಗೆದೇಹಾಕಿತು. ಮುಟ್ಟಬೇಡಿ.

ಎನಿಡೆಸ್ಕ್, ಟೀಮ್‌ವ್ಯೂವರ್ ತರಹದವು ಬೇರೆ ಜಾತಿ. ಅವು ನೆಟ್‌ವರ್ಕ್ ಕೊಡುವುದಿಲ್ಲ, ಒಂದು ಕಂಪ್ಯೂಟರಿನ ಪರದೆ ಕೊಡುತ್ತವೆ. ಆಫೀಸಿನ ಕಡೆಯಿಂದ ಹೊರಗೆ ಕರೆ ಮಾಡುವ ಬಗೆಯಾದ್ದರಿಂದ ಸಿಜಿ-ನ್ಯಾಟ್ ಅಡ್ಡಿಯಾಗುವುದಿಲ್ಲ. ಸರಿಯಾಗಿ ಇನ್‌ಸ್ಟಾಲ್ ಮಾಡಿ ಕಾಯಂ ಪಾಸ್‌ವರ್ಡ್ ಇಟ್ಟರೆ ಕರೆಂಟು ಹೋಗಿ ಬಂದ ಮೇಲೂ ಏಳುತ್ತವೆ. ಆದರೆ ಪುಕ್ಕಟೆ ಆವೃತ್ತಿ ಸ್ವಂತ ಬಳಕೆಗೆ ಮಾತ್ರ. ವ್ಯಾಪಾರಕ್ಕೆ ಬಳಸಿದರೆ ಅದು ಗುರುತು ಹಿಡಿದು ಕೆಲವು ನಿಮಿಷಕ್ಕೆ ಸಂಪರ್ಕ ಕಡಿಯಲು ಶುರುಮಾಡುತ್ತದೆ, ಅದೂ ಜಿಎಸ್‌ಟಿ ರಿಟರ್ನ್ ಹಾಕುವ ದಿನವೇ. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಮೂಲಕ ನಡೆಯುವ ಯುಪಿಐ ವಂಚನೆಯ ಬಗ್ಗೆ ಎಚ್ಚರಿಸಿತ್ತು. ಅದು ಸಾಫ್ಟ್‌ವೇರಿನ ದೋಷವಲ್ಲ, ಫೋನಿನಲ್ಲಿ ನಯವಾಗಿ ಮಾತಾಡಿ ಇನ್‌ಸ್ಟಾಲ್ ಮಾಡಿಸುವವರ ಚಾಳಿ. ಆದರೂ ಇದನ್ನು ದಿನಾ ಬಳಸುವ ಆಫೀಸಿನ ಸಿಬ್ಬಂದಿಗೆ "ಎನಿಡೆಸ್ಕ್ ಹಾಕಿಕೊಳ್ಳಿ" ಎಂಬ ಅಪರಿಚಿತ ಕರೆ ಸಹಜವಾಗಿ ಕೇಳಿಸುತ್ತದೆ. ನಮ್ಮ ಆಕ್ಷೇಪ ಮುಖ್ಯವಾಗಿ ಅದೇ. ಪರದೆಯಷ್ಟೇ ಸಾಕು ಎನ್ನುವವರು ರಸ್ಟ್‌ಡೆಸ್ಕ್ ನೋಡಬಹುದು. ಅದು ಮುಕ್ತ ತಂತ್ರಾಂಶ, ಸ್ವಂತ ಸರ್ವರಿನಲ್ಲೂ ನಡೆಸಬಹುದು.

ವೈರ್‌ಗಾರ್ಡ್: ಗಟ್ಟಿ, ಆದರೆ ನೇರವಾಗಿ ಅಲ್ಲ

ವೈರ್‌ಗಾರ್ಡ್ ಎಂಬ ಹೊಸ ಕಾಲದ ವಿಪಿಎನ್ 2020ರ ಮಾರ್ಚಿನಿಂದ ಲಿನಕ್ಸ್ 5.6 ಕರ್ನೆಲಿನ ಒಳಗೇ ಇದೆ. ಮೈಕ್ರೋಟಿಕ್ ಕಂಪನಿಯ ರೂಟರುಗಳಲ್ಲಿ ಅವುಗಳ ತಂತ್ರಾಂಶ ರೂಟರ್‌ಓಎಸ್ 7ರಿಂದ ಸಿಗುತ್ತದೆ. ವಿಂಡೋಸ್, ಆಂಡ್ರಾಯ್ಡ್, ಐಫೋನ್ ಎಲ್ಲಕ್ಕೂ ಆ್ಯಪ್ ಇದೆ, ಫೋನಿಗೆ ಕ್ಯೂಆರ್ ಕೋಡ್ ತೋರಿಸಿದರೆ ಸೆಟ್ಟಿಂಗ್ ಮುಗಿಯಿತು. ಪ್ರತಿ ಸಾಧನಕ್ಕೂ ಒಂದು ಜೋಡಿ ಕೀಲಿ. ಪರಿಚಯದ ಕೀಲಿ ಇಲ್ಲದೆ ಬಂದ ಪ್ಯಾಕೆಟ್ಟಿಗೆ (ಡೇಟಾದ ತುಣುಕಿಗೆ) ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಸ್ಕ್ಯಾನ್ ಮಾಡುವವರಿಗೆ ಅಲ್ಲೊಂದು ಬಾಗಿಲಿದೆ ಎಂದೇ ತಿಳಿಯದು.

ತಿರುಗಾಟದವರಿಗೆ ಇದರಲ್ಲಿ ತುಂಬ ಹಿಡಿಸುವ ಗುಣ ಬೇರೆ. ಕಾರವಾರದಿಂದ ಕುಮಟೆಗೆ ರೈಲಿನಲ್ಲಿ ಹೋಗುವಾಗ ಗುಡ್ಡದ ಸುರಂಗದಲ್ಲಿ ಸಿಗ್ನಲ್ ಹೋಗುತ್ತದೆ, ಹೊರಬಂದಾಗ ಫೋನಿಗೆ ಹೊಸ ಐಪಿ ಸಿಕ್ಕಿರುತ್ತದೆ. ವೈರ್‌ಗಾರ್ಡಿಗೆ "ಕನೆಕ್ಷನ್" ಎಂಬ ಕಲ್ಪನೆಯೇ ಇಲ್ಲದ್ದರಿಂದ ಮತ್ತೆ ಲಾಗಿನ್ ಆಗುವ ಪ್ರಶ್ನೆ ಬರುವುದಿಲ್ಲ. ಹೊಸ ಐಪಿಯಿಂದ ಸರಿಯಾದ ಕೀಲಿಯ ಒಂದು ಪ್ಯಾಕೆಟ್ಟು ಬಂದರೆ ಆಚೆಯವರು ಉತ್ತರವನ್ನು ಅಲ್ಲಿಗೇ ಕಳಿಸಲು ಶುರುಮಾಡುತ್ತಾರೆ. ಲಾಡ್ಜಿನ ವೈಫೈಯಿಂದ ಮೊಬೈಲ್ ಹಾಟ್‌ಸ್ಪಾಟಿಗೆ ಹಾರಿದರೂ ರಿಮೋಟ್ ಡೆಸ್ಕ್‌ಟಾಪ್ ಕೆಲವು ಸೆಕೆಂಡು ಬಿಕ್ಕಳಿಸಿ ಮುಂದುವರಿಯುತ್ತದೆ.

ಹಾಗಿದ್ದರೆ ಆಫೀಸಿನ ರೂಟರಿನಲ್ಲೇ ವೈರ್‌ಗಾರ್ಡ್ ಹಾಕಿ, ಡೈನಮಿಕ್ ಡಿಎನ್‌ಎಸ್ ಹೆಸರು (ಬದಲಾಗುವ ಐಪಿಯನ್ನು ಹಿಂಬಾಲಿಸುವ ಹೆಸರು) ಕೊಟ್ಟು ಮುಗಿಸಬಹುದಲ್ಲ? ಪಬ್ಲಿಕ್ ಐಪಿ ಇದ್ದವರು ಹೆಚ್ಚಾಗಿ ಹೀಗೇ ಮಾಡುತ್ತಾರೆ, ಮಳೆಗಾಲದಲ್ಲಿ ಇಲ್ಲೇ ಎಡವುತ್ತಾರೆ. ಕರೆಂಟು ಹೋಗಿ ಬಂದಾಗ ಆಫೀಸಿನ ಪಬ್ಲಿಕ್ ಐಪಿ ಬದಲಾಗುತ್ತದೆ. ಡಿಎನ್‌ಎಸ್ ಹೆಸರು ಹೊಸ ಐಪಿಗೆ ತಿರುಗುತ್ತದೆ, ಅದರಲ್ಲಿ ತೊಂದರೆ ಇಲ್ಲ. ಆದರೆ ಲ್ಯಾಪ್‌ಟಾಪಿನ ವೈರ್‌ಗಾರ್ಡ್ ಆ ಹೆಸರನ್ನು ಐಪಿಗೆ ಬಿಡಿಸುವುದು ಆನ್ ಆಗುವಾಗ ಒಂದೇ ಸಲ. ಆಮೇಲೆ ಹಳೆಯ ಐಪಿಗೇ ಕರೆ ಮಾಡುತ್ತ ಕೂರುತ್ತದೆ. ಪರದೆಯ ಮೇಲೆ ಸ್ಥಿತಿ "ಆ್ಯಕ್ಟಿವ್" ಎಂದೇ ಹಸಿರಾಗಿ ಕಾಣುತ್ತಿರುತ್ತದೆ. ನೋಡಬೇಕಾದದ್ದು "ಲೇಟೆಸ್ಟ್ ಹ್ಯಾಂಡ್‌ಶೇಕ್" (ಎರಡು ತುದಿಗಳು ಕೊನೆಯ ಸಲ ಪರಸ್ಪರ ಗುರುತಿಸಿಕೊಂಡ ಹೊತ್ತು) ಎಂಬ ಸಾಲು: ಬಳಕೆಯಲ್ಲಿರುವಾಗ ಅಲ್ಲಿ ಮೂರು ನಿಮಿಷಕ್ಕಿಂತ ಹಳೆಯ ಹೊತ್ತು ಇದ್ದರೆ ವಿಪಿಎನ್ ಸುರಂಗ ಸತ್ತಿದೆ. ಡಿಆ್ಯಕ್ಟಿವೇಟ್ ಮಾಡಿ ಮತ್ತೆ ಆ್ಯಕ್ಟಿವೇಟ್ ಮಾಡಿದರೆ ಸರಿಹೋಗುತ್ತದೆ. ತಿಳಿದವರಿಗೆ ಹತ್ತು ಸೆಕೆಂಡಿನ ಕೆಲಸ, ತಿಳಿಯದವರಿಗೆ ಅರ್ಧ ದಿನ ಹಾಳು.

ನಡುತಾಣ ಇಟ್ಟುಕೊಳ್ಳುವ ವಿಧಾನ: ನಮ್ಮ ಮೊದಲ ಆಯ್ಕೆ

ಬೆಂಗಳೂರು ಅಥವಾ ಮುಂಬೈಯ ಡೇಟಾ ಸೆಂಟರಿನಲ್ಲಿ ಒಂದು ಚಿಕ್ಕ ಬಾಡಿಗೆ ಸರ್ವರು ತೆಗೆದುಕೊಳ್ಳಿ. ಡಿಜಿಟಲ್‌ಓಷನ್‌ಗೆ ಬೆಂಗಳೂರಿನಲ್ಲಿ, ಅಮೆಜಾನ್‌ಗೆ ಮುಂಬೈಯಲ್ಲಿ ತಾಣಗಳಿವೆ. 512 ಎಂಬಿ ಮೆಮೊರಿಯ, ತಿಂಗಳಿಗೆ 4 ಡಾಲರಿನ ಆಸುಪಾಸಿನದು ಹತ್ತು ಮಂದಿಗೆ ಧಾರಾಳ ಸಾಕು. ಮೇಲೆ ತೆರಿಗೆ. ಸಿಂಗಪುರದ್ದು ಆರಿಸಬೇಡಿ, ಪ್ರತಿ ಕ್ಲಿಕ್ಕೂ ಸಮುದ್ರ ದಾಟಿ ಬರಬೇಕಾಗುತ್ತದೆ. ಈ ಸರ್ವರಿಗೆ ಬದಲಾಗದ ಐಪಿ ಇರುತ್ತದೆ (ಅಮೆಜಾನ್‌ನಲ್ಲಾದರೆ ಸ್ಟ್ಯಾಟಿಕ್ ಐಪಿಯನ್ನು ನೀವೇ ಜೋಡಿಸಬೇಕು). ಆಫೀಸಿನ ರೂಟರು ಅಲ್ಲಿಗೆ ಕರೆ ಮಾಡುತ್ತದೆ, ಲ್ಯಾಪ್‌ಟಾಪುಗಳೂ ಅಲ್ಲಿಗೇ. ಆಫೀಸಿನ ಐಪಿ ನೂರು ಸಲ ಬದಲಾದರೂ, ಸಿಜಿ-ನ್ಯಾಟ್ ಇದ್ದರೂ, ಫೈಬರ್ ಕಡಿದು ಸಿಮ್ಮಿನ ಮೇಲೆ ಓಡುತ್ತಿದ್ದರೂ ಲ್ಯಾಪ್‌ಟಾಪಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ವಿಳಾಸಗಳನ್ನು ಹೀಗೆ ಹಂಚಿ (ಕೊನೆಯ /24 ಎಂದರೆ 256 ವಿಳಾಸಗಳ ಗುಂಪು, /32 ಎಂದರೆ ಒಂದೇ ವಿಳಾಸ). ಆಫೀಸಿನ ಒಳ ನೆಟ್‌ವರ್ಕು 10.73.20.0/24. ಸುರಂಗದ ನೆಟ್‌ವರ್ಕು 10.99.0.0/24. ಅದರಲ್ಲಿ ಬಾಡಿಗೆ ಸರ್ವರು 10.99.0.1, ಆಫೀಸಿನ ರೂಟರು 10.99.0.2, ಲ್ಯಾಪ್‌ಟಾಪುಗಳು 10.99.0.11ರಿಂದ ಮುಂದೆ. ಆಫೀಸನ್ನು 192.168.1.0ರಲ್ಲೇ ಬಿಡಬೇಡಿ. ಮುರ್ಡೇಶ್ವರದ ಲಾಡ್ಜಿನ ವೈಫೈ, ಗೋಕರ್ಣದ ಹೋಮ್‌ಸ್ಟೇಯ ವೈಫೈ, ನೌಕರನ ಮನೆಯ ರೂಟರು ಬಹುಪಾಲು ಅದೇ ಸರಣಿಯಲ್ಲಿರುತ್ತವೆ. ಆಗ ಲ್ಯಾಪ್‌ಟಾಪು 192.168.1.10 ಎಂಬ ಆಫೀಸಿನ ಸರ್ವರನ್ನು ಲಾಡ್ಜಿನೊಳಗೇ ಹುಡುಕುತ್ತದೆ. "ಮನೆಯಲ್ಲಿ ಬರುವುದಿಲ್ಲ, ಮೊಬೈಲ್ ಡೇಟಾದಲ್ಲಿ ಬರುತ್ತದೆ" ಎಂಬ ದೂರು ಬಂದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಇಡೀ ಆಫೀಸಿನ ಐಪಿ ಬದಲಿಸಲು ಒಂದು ಭಾನುವಾರ ಬೇಕು. ಪ್ರಿಂಟರು, ಸಿಸಿ ಕ್ಯಾಮೆರಾದ ಪೆಟ್ಟಿಗೆ, ಬಯೋಮೆಟ್ರಿಕ್ ಯಂತ್ರಗಳಲ್ಲಿ ಕೈಯಾರೆ ಬರೆದ ಐಪಿಗಳಿರುತ್ತವೆ, ಅವನ್ನು ಮರೆಯಬೇಡಿ.

ಯಾವ ವಿಳಾಸ ಯಾವ ಸಾಧನದ ಹಿಂದಿದೆ ಎಂದು ಹೇಳುವ "ಅಲೌಡ್ ಐಪೀಸ್" ಎಂಬ ಸಾಲಿನಲ್ಲೇ ಹೆಚ್ಚಿನ ತಪ್ಪುಗಳು ಆಗುವುದು, ಹಾಗಾಗಿ ಅದನ್ನು ನಿಧಾನವಾಗಿ ನೋಡೋಣ. ಬಾಡಿಗೆ ಸರ್ವರಿನಲ್ಲಿ ಆಫೀಸಿನ ಹೆಸರಿನ ಕೆಳಗೆ ಎರಡು ಇರಬೇಕು: 10.99.0.2/32 ಮತ್ತು 10.73.20.0/24. ಎರಡನೆಯದನ್ನು ಬಿಟ್ಟರೆ ಸರ್ವರಿಗೆ ಆಫೀಸಿನ ಒಳಗಿನ ಕಂಪ್ಯೂಟರುಗಳು ಯಾರ ಹಿಂದಿವೆ ಎಂದು ಗೊತ್ತಾಗುವುದಿಲ್ಲ. ಹ್ಯಾಂಡ್‌ಶೇಕ್ ಆಗುತ್ತದೆ, ರೂಟರಿಗೆ ಪಿಂಗ್ ("ಇದ್ದೀಯಾ" ಎಂಬ ಪರೀಕ್ಷಾ ಕರೆ) ಹೋಗುತ್ತದೆ, ಟ್ಯಾಲಿ ಇರುವ ಯಂತ್ರ ಮಾತ್ರ ಸಿಗುವುದಿಲ್ಲ. ಸರ್ವರಿನಿಂದ ಪಿಂಗ್ ಮಾಡಿದಾಗ "ರಿಕ್ವಾಯರ್ಡ್ ಕೀ ನಾಟ್ ಅವೈಲೆಬಲ್" ಎಂದು ಬಂದರೆ, ಆ ವಿಳಾಸ ಯಾರ ಅಲೌಡ್ ಐಪೀಸ್‌ನಲ್ಲೂ ಇಲ್ಲ ಎಂದರ್ಥ. ಲ್ಯಾಪ್‌ಟಾಪುಗಳಿಗೆ ಸರ್ವರಿನಲ್ಲಿ ತಲಾ ಒಂದೇ /32. ಲ್ಯಾಪ್‌ಟಾಪಿನ ಕಡೆ 10.99.0.0/24 ಮತ್ತು 10.73.20.0/24. ಆಫೀಸಿನ ಕಡೆ 10.99.0.0/24. ಸರ್ವರಿನಲ್ಲಿ ಐಪಿ ಫಾರ್ವರ್ಡಿಂಗ್ (ಒಬ್ಬರ ಪ್ಯಾಕೆಟ್ಟನ್ನು ಇನ್ನೊಬ್ಬರಿಗೆ ದಾಟಿಸುವುದು) ಆನ್ ಇರಬೇಕು. ಆಫೀಸಿನ ಕಡೆ ಪರ್ಸಿಸ್ಟೆಂಟ್ ಕೀಪಲೈವ್ 25 (25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ಟು) ಎಂದು ಹಾಕಲೇಬೇಕು. ಇಲ್ಲದಿದ್ದರೆ ಆಫೀಸು ಸುಮ್ಮನಿರುವಾಗ ನಡುವಿನ ನ್ಯಾಟ್ ಆ ದಾರಿಯನ್ನು ಮರೆತುಬಿಡುತ್ತದೆ, ಬೆಳಿಗ್ಗೆ ಹೊರಗಿನಿಂದ ತಟ್ಟಿದವನಿಗೆ ಉತ್ತರ ಸಿಗುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ 0.0.0.0/0 ಹಾಕಿ ಎಲ್ಲ ಟ್ರಾಫಿಕ್ಕನ್ನೂ ಸುರಂಗದಲ್ಲಿ ಕಳಿಸುವುದು ಅನವಶ್ಯಕ. ವಾಟ್ಸ್ಆ್ಯಪ್ ವಿಡಿಯೊ, ವಿಂಡೋಸ್ ಅಪ್‌ಡೇಟು ಎಲ್ಲವೂ ನಿಮ್ಮ ಬಾಡಿಗೆ ಸರ್ವರಿನ ಲೆಕ್ಕಕ್ಕೆ ಬೀಳುತ್ತವೆ. ವಿಂಡೋಸ್‌ನಲ್ಲಿ ಅದು ಸುರಂಗದ ಹೊರಗಿನ ಎಲ್ಲವನ್ನೂ ತಡೆಯುವುದರಿಂದ ಪಕ್ಕದ ಮೇಜಿನ ಪ್ರಿಂಟರಿಗೂ ದಾರಿ ಮುಚ್ಚುತ್ತದೆ.

ಆಫೀಸಿನ ಕಡೆಗೆ ಮೈಕ್ರೋಟಿಕ್ ರೂಟರೋ, ವೈರ್‌ಗಾರ್ಡ್ ಇರುವ ಬೇರೆ ರೂಟರೋ ಇದ್ದರೆ ಅದೇ ಎಲ್ಲಕ್ಕಿಂತ ಸಲೀಸು, ಏಕೆಂದರೆ ಎಲ್ಲ ಕಂಪ್ಯೂಟರುಗಳಿಗೂ ಅದೇ ಗೇಟ್‌ವೇ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಇಟ್ಟರೂ ಆಗುತ್ತದೆ, ಆದರೆ ಎರಡು ವಿಷಯ ನೆನಪಿಡಿ. ಒಂದು, ಉಳಿದ ಕಂಪ್ಯೂಟರುಗಳಿಗೆ ಮರಳಿ ಹೋಗುವ ದಾರಿ ಗೊತ್ತಿರುವುದಿಲ್ಲ, ಮುಖ್ಯ ರೂಟರಿನಲ್ಲಿ "10.99.0.0/24ಕ್ಕೆ ಹೋಗಬೇಕಾದರೆ ಪೈಯನ್ನು ಕೇಳು" ಎಂಬ ಸ್ಟ್ಯಾಟಿಕ್ ರೂಟ್ ಹಾಕಬೇಕು, ಅದಿಲ್ಲದ ರೂಟರಾದರೆ ಪೈಯಲ್ಲಿ ಮಾಸ್ಕರೇಡ್ (ಹೊರಗಿನ ಪ್ಯಾಕೆಟ್ಟುಗಳಿಗೆ ಪೈಯ ವಿಳಾಸವನ್ನೇ ಅಂಟಿಸುವುದು). ಎರಡನೆಯದು ನಮ್ಮ ಜಿಲ್ಲೆಗೆ ಹೇಳಿ ಬರೆಸಿದಂತಿದೆ. ಪೈ 4ರ ವರೆಗಿನ ಯಂತ್ರಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದಾಗ ಅದರ ಗಡಿಯಾರ ಹಿಂದೆ ಉಳಿದಿರುತ್ತದೆ. ವೈರ್‌ಗಾರ್ಡಿನ ಹ್ಯಾಂಡ್‌ಶೇಕಿನಲ್ಲಿ ಸಮಯದ ಮುದ್ರೆ ಇರುತ್ತದೆ. ಹಿಂದೊಮ್ಮೆ ನೋಡಿದ್ದಕ್ಕಿಂತ ಹಳೆಯ ಮುದ್ರೆ ಬಂದರೆ ಸರ್ವರು ಅದನ್ನು ಯಾರೋ ಕದ್ದು ಮರುಕಳಿಸಿದ ಪ್ಯಾಕೆಟ್ಟೆಂದು ಬಿಸಾಡುತ್ತದೆ. ಇಂಟರ್ನೆಟ್ ಸಮಯ ಸಿಕ್ಕಿದ ಕೂಡಲೇ ಸರಿಯಾಗುತ್ತದೆ. ಆದರೆ ಸಮಯ ಕೇಳುವ ಸರ್ವರಿಗೂ ಸುರಂಗದ ಮೂಲಕವೇ ಹೋಗುವಂತೆ ಮಾಡಿಟ್ಟಿದ್ದರೆ ಸುರಂಗ ಇಲ್ಲದೆ ಸಮಯ ಇಲ್ಲ, ಸಮಯ ಇಲ್ಲದೆ ಸುರಂಗ ಇಲ್ಲ. ಸಮಯದ ದಾರಿಯನ್ನು ಸುರಂಗದ ಹೊರಗಿಡಿ.

ಬಾಡಿಗೆ ಸರ್ವರಿನಲ್ಲಿ ತೆರೆದಿರಬೇಕಾದದ್ದು ವೈರ್‌ಗಾರ್ಡಿನ ಯುಡಿಪಿ 51820 ಪೋರ್ಟ್ ಮತ್ತು ಎಸ್‌ಎಸ್‌ಎಚ್ (ಸರ್ವರಿಗೆ ದೂರದಿಂದ ಆಜ್ಞೆ ಕೊಡುವ ದಾರಿ) ಮಾತ್ರ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀಲಿ ಇಡಿ. ಈ ವಿಧಾನದ ನಿಜವಾದ ಕೊರತೆ ಇದೇ: ಆ ಸರ್ವರನ್ನು ತಿಂಗಳಿಗೊಮ್ಮೆಯಾದರೂ ಅಪ್‌ಡೇಟ್ ಮಾಡುವವರು ಬೇಕು. ಇನ್ನೊಂದು, ಪ್ಯಾಕೆಟ್ಟುಗಳು ಆ ಸರ್ವರಿನಲ್ಲಿ ಒಮ್ಮೆ ಬಿಚ್ಚಿ ಮತ್ತೆ ಕಟ್ಟಲ್ಪಡುತ್ತವೆ. ರಿಮೋಟ್ ಡೆಸ್ಕ್‌ಟಾಪಿಗೆ ತನ್ನದೇ ಗೂಢಲಿಪಿ ಇರುವುದರಿಂದ ಭಯವಿಲ್ಲ, ಆದರೆ ಹಳೆಯ ಫೈಲ್ ಶೇರಿಂಗಿಗೆ ಅದಿಲ್ಲ.

ಟೇಲ್‌ಸ್ಕೇಲ್: ನೋಡಿಕೊಳ್ಳುವವರು ಇಲ್ಲದಿದ್ದರೆ

ಆಫೀಸಿನಲ್ಲಿ ಲಿನಕ್ಸ್ ಗೊತ್ತಿರುವವರು ಯಾರೂ ಇಲ್ಲ ಎಂದರೆ ಟೇಲ್‌ಸ್ಕೇಲ್ ಎಂಬ ಈ ವಿಪಿಎನ್ ಸೇವೆಯನ್ನೇ ಆರಿಸಿ. ಒಳಗೆ ವೈರ್‌ಗಾರ್ಡೇ ಇದೆ. ಕೀಲಿ ಹಂಚುವ ಕೆಲಸವನ್ನು ಅವರ ಸರ್ವರು ಮಾಡುತ್ತದೆ, ಲಾಗಿನ್ ನಿಮ್ಮ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ. ಹಾಗಾಗಿ ಆ ಖಾತೆಯಲ್ಲಿ ಎರಡು ಹಂತದ ದೃಢೀಕರಣ ಆನ್ ಇದ್ದರೆ ಇಲ್ಲೂ ಸಿಗುತ್ತದೆ. ಬರಿಯ ವೈರ್‌ಗಾರ್ಡಿಗೆ ಅದಿಲ್ಲ. ಎರಡೂ ಕಡೆ ಸಿಜಿ-ನ್ಯಾಟ್ ಇದ್ದರೂ ನೇರ ದಾರಿ ಕೊರೆಯಲು ನೋಡುತ್ತದೆ, ಆಗದಿದ್ದರೆ ಡರ್ಪ್ ಎಂಬ ರಿಲೇ ಮೂಲಕ ಸಾಗಿಸುತ್ತದೆ. ಬೆಂಗಳೂರಿನಲ್ಲೇ ರಿಲೇ ಇರುವುದರಿಂದ ನಮಗೆ ಅದೂ ತೀರ ನಿಧಾನವಲ್ಲ. ಗೂಢಲಿಪಿ ತುದಿಯಿಂದ ತುದಿಗೆ, ರಿಲೇಯವರು ಬಿಚ್ಚಿ ನೋಡಲಾರರು.

ನಮ್ಮ ಅಳತೆಗೋಲಿನಲ್ಲಿ ಇದು ಎರಡು ಕಡೆ ತೂಕಡಿಸುತ್ತದೆ, ಎರಡಕ್ಕೂ ಮದ್ದಿದೆ. ವಿಂಡೋಸ್‌ನಲ್ಲಿ ಮಾಮೂಲಾಗಿ ಯಾರಾದರೂ ಲಾಗಿನ್ ಆಗಿದ್ದಾಗ ಮಾತ್ರ ಟೇಲ್‌ಸ್ಕೇಲ್ ನಡೆಯುತ್ತದೆ. ರಾತ್ರಿ ಕರೆಂಟು ಹೋಗಿ ಬಂತು, ಕಂಪ್ಯೂಟರು ಎದ್ದು ಪಾಸ್‌ವರ್ಡ್ ಪರದೆಯಲ್ಲಿ ನಿಂತಿದೆ ಎಂದರೆ ಅದು ಆಫ್‌ಲೈನ್. ಮೆನುವಿನ ಪ್ರಿಫರೆನ್ಸಸ್‌ನಲ್ಲಿ "ರನ್ ಅನ್‌ಅಟೆಂಡೆಡ್" ಗುರುತು ಹಾಕಿ. ಎರಡನೆಯದಾಗಿ, ಪ್ರತಿ ಯಂತ್ರದ ಕೀಲಿಯ ಆಯುಷ್ಯ ಮಾಮೂಲಾಗಿ 180 ದಿನ. ಡಿಸೆಂಬರಿನಲ್ಲಿ ಹಾಕಿದ್ದು ಸರಿಯಾಗಿ ಜೂನ್ ಮಳೆಗೆ ಕೈಕೊಡುತ್ತದೆ, ಮತ್ತೆ ಲಾಗಿನ್ ಆಗಲು ಯಂತ್ರದ ಮುಂದೆಯೇ ಕೂರಬೇಕು. ಆಫೀಸಿನ ಯಂತ್ರಕ್ಕೆ ಮಾತ್ರ ಅಡ್ಮಿನ್ ಪುಟದಲ್ಲಿ "ಡಿಸೇಬಲ್ ಕೀ ಎಕ್ಸ್‌ಪೈರಿ" ಒತ್ತಿ. ಲ್ಯಾಪ್‌ಟಾಪುಗಳಿಗೆ ಆಯುಷ್ಯ ಇರಲಿ. ಒಂದೇ ಯಂತ್ರದ ಮೂಲಕ ಇಡೀ ಆಫೀಸು ಬೇಕಿದ್ದರೆ ಆ ಯಂತ್ರವನ್ನು ಸಬ್‌ನೆಟ್ ರೂಟರ್ ಮಾಡಿ, ಅಡ್ಮಿನ್ ಪುಟದಲ್ಲಿ ಆ ದಾರಿಗೆ ಒಪ್ಪಿಗೆ ಕೊಡುವುದನ್ನು ಮರೆಯಬೇಡಿ. ಅಂದಹಾಗೆ ಟೇಲ್‌ಸ್ಕೇಲ್ ಕೊಡುವ ವಿಳಾಸಗಳೂ 100ರಿಂದಲೇ ಶುರು. ರೂಟರಿನ ವ್ಯಾನ್ ಪುಟದ 100ಕ್ಕೂ ಅದಕ್ಕೂ ಗಂಟುಹಾಕಬೇಡಿ.

ಪುಕ್ಕಟೆ ಯೋಜನೆಯನ್ನು ನೆಚ್ಚಿ ವ್ಯಾಪಾರದ ಆಫೀಸು ಕಟ್ಟಬೇಡಿ, ಬಳಕೆದಾರರ ಮಿತಿ ಮತ್ತು ಷರತ್ತು ಓದಿಕೊಳ್ಳಿ. ಮೈಕ್ರೋಟಿಕ್ ಎಆರ್‌ಎಂ ಪ್ರೊಸೆಸರಿನ ರೂಟರ್ ಇದ್ದವರಿಗೆ "ಬ್ಯಾಕ್ ಟು ಹೋಮ್" ಎಂಬ ಹತ್ತಿರದ ಸೌಲಭ್ಯ ಇದೆ. ಇಬ್ಬರು ಮೂವರಿಗೆ ಅದೇ ಸಾಕು.

ಓಪನ್‌ವಿಪಿಎನ್ ಮತ್ತು ಉಳಿದವು

ವೈರ್‌ಗಾರ್ಡಿಗಿಂತ ಹಳೆಯ ವಿಪಿಎನ್ ಆದ ಓಪನ್‌ವಿಪಿಎನ್‌ನಿಂದ ಈಗಲೂ ಒಂದು ಪ್ರಯೋಜನ ಇದೆ. ಕೆಲವು ಹೋಟೆಲು, ಕಾರ್ಖಾನೆ, ಸರ್ಕಾರಿ ಕಚೇರಿಗಳ ವೈಫೈಯಲ್ಲಿ ವೈರ್‌ಗಾರ್ಡ್ ನೆಚ್ಚಿರುವ ಯುಡಿಪಿ ಸಾಗಣೆಯನ್ನು ಪೂರ್ತಿ ತಡೆದಿರುತ್ತಾರೆ, ವೈರ್‌ಗಾರ್ಡ್ ಅಲ್ಲಿ ಉಸಿರೇ ಎತ್ತುವುದಿಲ್ಲ. ಓಪನ್‌ವಿಪಿಎನ್ಅನ್ನು ಮಾಮೂಲು ವೆಬ್ ಪುಟಗಳು ಹೋಗುವ ಟಿಸಿಪಿ 443ರಲ್ಲಿ ಇಟ್ಟರೆ ದಾಟಿಹೋಗುತ್ತದೆ. ಅದನ್ನೇ ದಿನನಿತ್ಯ ಬಳಸಬೇಡಿ: ಟಿಸಿಪಿಯೊಳಗೆ ಟಿಸಿಪಿ ಕೂತಾಗ, ಸಿಗ್ನಲ್ ಕ್ಷೀಣವಿದ್ದಲ್ಲಿ ಕಳೆದ ಒಂದು ಪ್ಯಾಕೆಟ್ಟನ್ನು ಒಳಗಿನದೂ ಹೊರಗಿನದೂ ಎರಡೂ ಮರುಕಳಿಸಲು ಹೋಗಿ ಇಡೀ ಸಂಪರ್ಕ ಕಟ್ಟಿಕೊಳ್ಳುತ್ತದೆ. ಇದರ ಇನ್ನೊಂದು ಗುಪ್ತ ಬಲೆ ರದ್ದು ಪಟ್ಟಿ. ಈಸಿ-ಆರ್‌ಎಸ್‌ಎಯಲ್ಲಿ (ಅದರ ಸರ್ಟಿಫಿಕೇಟ್ ಮಾಡುವ ಸಲಕರಣೆ) ಕೆಲಸ ಬಿಟ್ಟ ನೌಕರನ ಸರ್ಟಿಫಿಕೇಟ್ ರದ್ದು ಮಾಡಿದಾಗ ಹುಟ್ಟುವ ಆ ಪಟ್ಟಿಗೆ ಮಾಮೂಲಾಗಿ 180 ದಿನದ ಆಯುಷ್ಯ. ಅದು ಮುಗಿದ ದಿನ ಸರ್ವರು ಆ ಒಬ್ಬನನ್ನಲ್ಲ, ಎಲ್ಲರನ್ನೂ ಹೊರಗಿಡುತ್ತದೆ.

ಐಕೆಇವಿ2 ಎಂಬ ವಿಪಿಎನ್ ವಿಂಡೋಸ್ ಮತ್ತು ಐಫೋನಿನಲ್ಲೇ ಇದೆ, ಆ್ಯಪ್ ಬೇಡ, ಐಪಿ ಬದಲಾದರೂ ತಾಳಿಕೊಳ್ಳುತ್ತದೆ. ಹೊಂದಿಸುವುದು ಹೆಣಗಾಟ. ಎಲ್‌2ಟಿಪಿ ಎಂಬ ಇನ್ನೊಂದು ವಿಪಿಎನ್‌ನಲ್ಲಿ ನ್ಯಾಟ್ ಹಿಂದಿನ ಸರ್ವರಿಗೆ ವಿಂಡೋಸ್‌ನಿಂದ ಹೋಗಬೇಕಾದರೆ ರಿಜಿಸ್ಟ್ರಿ ತಿದ್ದಬೇಕು, ಅಷ್ಟು ಸಾಕು ಅದನ್ನು ಬಿಡಲು. ಬೇಕಿರುವುದು ಒಂದು ವೆಬ್ ತಂತ್ರಾಂಶ ಮಾತ್ರ ಎಂದರೆ ಕ್ಲೌಡ್‌ಫ್ಲೇರ್ ಟನಲ್ ಚೆನ್ನಾಗಿದೆ; ಅದಕ್ಕೆ ನಿಮ್ಮದೊಂದು ಡೊಮೇನ್ ಬೇಕು.

ಸುರಂಗದೊಳಗೆ ಏನು ಓಡಿಸಬೇಕು

ಎಷ್ಟೋ ಆಫೀಸುಗಳು ವಿಪಿಎನ್ ಸರಿಯಾಗಿ ಹಾಕಿಯೂ ಸೋಲುವುದು ಇಲ್ಲಿ. ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ತೆರೆದು, ಆಫೀಸಿನ ಶೇರ್ ಫೋಲ್ಡರಿನಲ್ಲಿರುವ ಡೇಟಾಕ್ಕೆ ತೋರಿಸುತ್ತಾರೆ. ಆಫೀಸಿನ ತಂತಿಯಲ್ಲಿ ಒಂದು ಓದು ಒಂದು ಮಿಲಿಸೆಕೆಂಡೂ ಹಿಡಿಯುವುದಿಲ್ಲ. ಮೊಬೈಲ್ ಡೇಟಾದಲ್ಲಿ ಹೋಗಿಬರಲು 80 ಮಿಲಿಸೆಕೆಂಡು ಎಂದುಕೊಳ್ಳಿ. ಒಂದು ಲೆಡ್ಜರಿಗೆ ಸಾವಿರ ಓದು ಬೇಕಾದರೆ 80 ಸೆಕೆಂಡು ಮರಳು ಗಡಿಯಾರ. ಸ್ಪೀಡು ಹೆಚ್ಚಿಸಿದರೂ ಇದು ಕಡಿಮೆಯಾಗದು, ಇದು ಅಗಲದ ಮಾತಲ್ಲ, ದೂರದ್ದು. ಬರೆಯುವ ನಡುವೆ ಸಿಗ್ನಲ್ ಹೋದರೆ ಡೇಟಾ ಕೆಡುವ ಅಪಾಯವೂ ಇದೆ.

ಸರಿಯಾದ ದಾರಿ: ಟ್ಯಾಲಿ ಆಫೀಸಿನ ಯಂತ್ರದಲ್ಲೇ ಓಡಲಿ, ಪರದೆ ಮಾತ್ರ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಬರಲಿ. ಹಾಗೆ ಮಾಡಿದರೆ ಘಟ್ಟದ ಕೆಳಗಿನ ಎರಡು ಕಡ್ಡಿಯ ಸಿಗ್ನಲ್ಲಿನಲ್ಲೂ ರಾಶಿ, ಚಾಲಿ, ಬೆಟ್ಟೆ ಅಡಿಕೆಯ ಬಿಲ್ಲುಗಳನ್ನು ಹಾಕಬಹುದು. ನಡುವೆ ಕಡಿದರೂ ವೋಚರು ಅರ್ಧ ಬರೆದಲ್ಲೇ ಆಫೀಸಿನ ಯಂತ್ರದಲ್ಲಿ ಕಾಯುತ್ತಿರುತ್ತದೆ. ಆಫೀಸಿನ ಯಂತ್ರದಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆವೃತ್ತಿಗೆ ಹೊರಗಿನಿಂದ ಬರುವಂತಿಲ್ಲ. ಒಮ್ಮೆಗೆ ಒಬ್ಬರೇ, ಹೊರಗಿನವರು ಬಂದಾಗ ಎದುರಿನ ಪರದೆ ಬೀಗ ಹಾಕಿಕೊಳ್ಳುತ್ತದೆ. ವಿಂಡೋಸ್ ಫೈರ್‌ವಾಲಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ನಿಯಮದ ವ್ಯಾಪ್ತಿಯನ್ನು 10.99.0.0/24ಕ್ಕೆ ಸೀಮಿತಗೊಳಿಸಿ. ಟೇಲ್‌ಸ್ಕೇಲ್ ಇದ್ದವರು ಅಲ್ಲಿ 100.64.0.0/10 ಬರೆಯಿರಿ. ಫೈಲ್ ಶೇರಿಂಗಿನ ನಿಯಮ ಮಾತ್ರ ಮಾಮೂಲಾಗಿ "ಲೋಕಲ್ ಸಬ್‌ನೆಟ್"ಗೆ ಕಟ್ಟಿರುತ್ತದೆ, ಫೋಲ್ಡರು ತೆರೆಯದಿದ್ದರೆ ವಿಪಿಎನ್ಅನ್ನು ಬೈಯುವ ಮೊದಲು ಅದನ್ನು ನೋಡಿ. ಬರಿಯ ವರದಿ ನೋಡುವವರಿಗೆ ಟ್ಯಾಲಿಯದೇ ರಿಮೋಟ್ ಸೌಲಭ್ಯ ಸಾಕು, ಅದಕ್ಕೆ ಚಾಲ್ತಿಯಲ್ಲಿರುವ ಟಿಎಸ್‌ಎಸ್ ಬೇಕು. ಶಿರಸಿಯವರಿಗೆ ಅದೇ ಹೆಸರಿನ ಅಡಿಕೆ ಸಹಕಾರ ಸಂಘ ನೆನಪಾಗಬಹುದು. ಇದು ಟ್ಯಾಲಿಯ ವಾರ್ಷಿಕ ಸೇವೆಯ ಹೆಸರು.

ಸಂಪರ್ಕ ಇದೆ, ಪಿಂಗ್ ಇದೆ, ಆದರೆ ರಿಮೋಟ್ ಡೆಸ್ಕ್‌ಟಾಪ್ ಕಪ್ಪು ಪರದೆಯಲ್ಲಿ ನಿಂತಿತು ಎಂದರೆ ಹೆಚ್ಚಾಗಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ದೊಡ್ಡದಾಗಿದೆ. ಚಿಕ್ಕ ಪ್ಯಾಕೆಟ್ಟು ದಾಟುತ್ತದೆ, ದೊಡ್ಡದು ದಾರಿಯಲ್ಲಿ ಬೀಳುತ್ತದೆ. ವೈರ್‌ಗಾರ್ಡಿನ ಮಾಮೂಲು 1420. ಅದನ್ನು 1280ಕ್ಕೆ ಇಳಿಸಿ. ಬಿಲ್ಲು ಹಾಕುವ ಕೆಲಸಕ್ಕೆ ವೇಗದ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಇಬ್ಬರ ಸಂಪರ್ಕ ನಿಮಿಷಕ್ಕೊಮ್ಮೆ ಸರದಿಯಂತೆ ಕಡಿಯುತ್ತಿದ್ದರೆ ಒಂದೇ ಕೀಲಿಯ ಫೈಲನ್ನು ಎರಡು ಯಂತ್ರಕ್ಕೆ ಹಾಕಿದ್ದೀರಿ. ನೌಕರರಿಗೆ ಅಡ್ಮಿನ್ ಅಧಿಕಾರ ಕೊಡದೆ ವಿಂಡೋಸ್‌ನಲ್ಲಿ ವೈರ್‌ಗಾರ್ಡ್ ಆನ್ ಆಫ್ ಮಾಡಲು ಬಿಡಬೇಕಾದರೆ ಅವರನ್ನು "ನೆಟ್‌ವರ್ಕ್ ಕಾನ್ಫಿಗರೇಷನ್ ಆಪರೇಟರ್ಸ್" ಗುಂಪಿಗೆ ಸೇರಿಸಿ, ರಿಜಿಸ್ಟ್ರಿಯ ವೈರ್‌ಗಾರ್ಡ್ ಕೀಲಿಯಲ್ಲಿ "ಲಿಮಿಟೆಡ್ ಆಪರೇಟರ್ ಯುಐ" ಮೌಲ್ಯ 1 ಮಾಡಿ.

ಕಾನೂನಿನ ಬಗ್ಗೆ ಪದೇಪದೇ ಕೇಳುತ್ತಾರೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗ್ರಾಹಕರ ವಿವರ 5 ವರ್ಷ ಇಡಬೇಕೆಂದದ್ದು ಸಾರ್ವಜನಿಕರಿಗೆ ವಿಪಿಎನ್ ಮಾರುವವರಿಗೆ. ಕಂಪನಿಯ ಒಳಬಳಕೆಯ ವಿಪಿಎನ್‌ಗೆ ಅದು ಅನ್ವಯಿಸದು ಎಂದು ಸರ್ಟ್-ಇನ್ ತಾನೇ ಸ್ಪಷ್ಟಪಡಿಸಿದೆ. ಆದರೆ ಲಾಗುಗಳನ್ನು 180 ದಿನ ಇಡುವುದು, ನುಸುಳುವಿಕೆ ಗೊತ್ತಾದ 6 ಗಂಟೆಯೊಳಗೆ ತಿಳಿಸುವುದು ಕಂಪನಿಗಳಿಗೂ ಇದೆ.

ಕರೆಂಟಿನ ಪರೀಕ್ಷೆ

ವಿಪಿಎನ್ ಎದ್ದರೂ ಟ್ಯಾಲಿ ಯಂತ್ರ ಏಳದಿದ್ದರೆ ಫಲವಿಲ್ಲ. ಅದರ ಬಯೋಸ್‌ನಲ್ಲಿ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗ್) "ರಿಸ್ಟೋರ್ ಆನ್ ಎಸಿ ಪವರ್ ಲಾಸ್" ಎಂಬುದನ್ನು "ಪವರ್ ಆನ್" ಮಾಡಿ. "ಲಾಸ್ಟ್ ಸ್ಟೇಟ್" ಇಟ್ಟರೆ ಯುಪಿಎಸ್ ಬ್ಯಾಟರಿ ಮುಗಿಯುವಾಗ ಸರಿಯಾಗಿ ಶಟ್‌ಡೌನ್ ಆದ ಯಂತ್ರ ಆಫ್ ಆಗಿಯೇ ಉಳಿಯುತ್ತದೆ. ಸ್ಲೀಪ್, ಹೈಬರ್ನೇಟ್ ಎರಡೂ ಬಂದ್. ಮಲಗಿದ ಯಂತ್ರವನ್ನು ಎಬ್ಬಿಸುವ ವೇಕ್-ಆನ್-ಲ್ಯಾನ್ ಪ್ಯಾಕೆಟ್ಟು ಸುರಂಗ ದಾಟುವುದಿಲ್ಲ, ಅದನ್ನು ರೂಟರಿನಿಂದಲೇ ಕಳಿಸಬೇಕು. ಮೈಕ್ರೋಟಿಕ್‌ನಲ್ಲಿ ಅದಕ್ಕೆ ಆಜ್ಞೆ ಇದೆ. ಫೈಬರಿನ ಒಎನ್‌ಟಿ ಪೆಟ್ಟಿಗೆಗೂ ರೂಟರಿಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿ, ಅಡಾಪ್ಟರಿನ ಮೇಲಿನ ಆ್ಯಂಪಿಯರ್ ಎರಡನ್ನೂ ಕೂಡಿ ಕೊಳ್ಳಿ.

ಎಲ್ಲ ಹಾಕಿ ಆದ ಮೇಲೆ, ಮೇ ತಿಂಗಳು ಮುಗಿಯುವ ಮೊದಲು, ಒಂದು ಸಂಜೆ ಟ್ಯಾಲಿ ಮುಚ್ಚಿ, ಯಂತ್ರ ಶಟ್‌ಡೌನ್ ಮಾಡಿ, ಯಂತ್ರ, ರೂಟರು, ಒಎನ್‌ಟಿ ಮೂರನ್ನೂ ಯುಪಿಎಸ್‌ನಿಂದ ಕಳಚಿ ನೇರ ಕರೆಂಟಿಗೆ ಸಿಕ್ಕಿಸಿ, ಮೇನ್ ಸ್ವಿಚ್ ಇಳಿಸಿ. ಹತ್ತು ನಿಮಿಷ ಬಿಡಿ, ಇಂಟರ್ನೆಟ್ ಕಂಪನಿ ಹೊಸ ಐಪಿ ಕೊಡುವಷ್ಟು ಹೊತ್ತು ಆಗಲಿ. ಸ್ವಿಚ್ ಏರಿಸಿ, ಏನನ್ನೂ ಮುಟ್ಟದೆ ಬೀಗ ಹಾಕಿ ಹೊರಗೆ ಬನ್ನಿ. ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪು ಸೇರಿಸಿ, ಐದು ನಿಮಿಷ ಬಿಟ್ಟು ರಿಮೋಟ್ ಡೆಸ್ಕ್‌ಟಾಪ್ ತೆರೆಯಿರಿ. ಆಮೇಲೆ ಆ ಲ್ಯಾಪ್‌ಟಾಪು ಕಳೆದುಹೋಯಿತು ಎಂದುಕೊಂಡು, ಫೋನಿನಿಂದಲೇ ಅದರ ಕೀಲಿಯನ್ನು ಸರ್ವರಿನಿಂದ ತೆಗೆಯಿರಿ. ಪರದೆ ಅಲ್ಲೇ ಹೆಪ್ಪುಗಟ್ಟಬೇಕು. ಈ ಎರಡನೆಯ ಕೆಲಸ ಆಫೀಸಿನಲ್ಲಿ ಕನಿಷ್ಠ ಇಬ್ಬರಿಗೆ ಬರಬೇಕು, ಏಕೆಂದರೆ ಲ್ಯಾಪ್‌ಟಾಪು ಕಳೆದುಕೊಂಡವರೇ ಅದನ್ನು ಬಲ್ಲ ಒಬ್ಬರಾಗಿರಬಹುದು.